ಕಾಲು ಪರ್ಸೆಂಟಿನ ಕಾಲುದಾರಿ

ಸಂಬಳದವರ ದುಡ್ಡಿಗೆ ಬ್ಯಾಂಕಿನಲ್ಲಿ ಕೂರಲು ಪುರುಸೊತ್ತಿಲ್ಲ. ಒಂದನೇ ತಾರೀಖು ಬಂದು, ಹತ್ತನೇ ತಾರೀಖಿನೊಳಗೆ ಹಾಲು, ಸ್ಕೂಲು, ಇಎಂಐ ಅಂತ ಹೊರಟೇ ಹೋಗಿರುತ್ತದೆ. ಕಾಫಿ ದುಡ್ಡು ಹಾಗಲ್ಲ. ಡಿಸೆಂಬರಿನಲ್ಲಿ ಕೊಯ್ಲು ಶುರುವಾಗಿ, ಕಣದಲ್ಲಿ ಹರವಿದ ರೋಬಸ್ಟಾ ಒಣಗಿ, 50 ಕೆ.ಜಿ. ಚೀಲಗಳು ಗೋಣಿಕೊಪ್ಪದ ವ್ಯಾಪಾರಿಯ ತಕ್ಕಡಿ ಕಂಡ ಮೇಲೆ ಒಟ್ಟಿಗೇ ಬರುತ್ತದೆ. ಬಂದದ್ದು ಮುಂದಿನ ಕೊಯ್ಲಿನವರೆಗೆ ಎಲ್ಲಾದರೂ ಕೂತಿರಬೇಕು. ಎಲ್ಲಿ ಕೂರಿಸುವುದು ಅನ್ನುವುದೇ ನನಗೆ ಉಳಿದ ಒಂಬತ್ತು ತಿಂಗಳ ಉದ್ಯೋಗ.

ತಿತಿಮತಿಯವನಾದ್ದರಿಂದ ನನಗೆ ಈ ವ್ಯವಹಾರ ಆನೆಯ ಲೆಕ್ಕದಲ್ಲೇ ಅರ್ಥವಾಗುವುದು. ಹಲಸು ಹಣ್ಣಾಗುವ ಕಾಲಕ್ಕೆ ಆನೆ ನಾಗರಹೊಳೆ ಕಾಡು ಬಿಟ್ಟು ನಮ್ಮ ತೋಟಗಳಿಗೆ ಇಳಿಯುತ್ತದೆ. ಕಾಡಿನಲ್ಲಿ ಮೇವೇ ಇಲ್ಲವೆಂದಲ್ಲ, ಇಲ್ಲಿಯದು ಒಂದು ಚೂರು ರುಚಿ. ಕಂದಕ ತೋಡಿ, ಸೋಲಾರ್ ಬೇಲಿ ಎಳೆದು, ರೈಲ್ವೆ ಕಂಬಿ ನೆಟ್ಟರೂ ಅದು ಸಂದು ಹುಡುಕುತ್ತದೆ. ನನ್ನ ದುಡ್ಡಿನದೂ ಇದೇ ಚಾಳಿ. ಆರೂವರೆ ಕೊಡುವ ಬ್ಯಾಂಕಿನಲ್ಲಿ ತಿಂದುಂಡು ಸುಖವಾಗಿದ್ದರೂ, ಪಕ್ಕದವರು ಆರೂಮುಕ್ಕಾಲು ಅಂತ ಬೋರ್ಡು ಹಾಕಿದ ಕೂಡಲೇ ಅತ್ತ ಸೊಂಡಿಲು ಚಾಚುತ್ತದೆ. ಅವಧಿಗೆ ಮುಂಚೆ ಮುರಿದರೆ ದಂಡ ಅನ್ನುವುದು ಬ್ಯಾಂಕಿನವರ ಸೋಲಾರ್ ಬೇಲಿ. ಒಮ್ಮೆ ಮುಟ್ಟಿ ಶಾಕ್ ಹೊಡೆಸಿಕೊಂಡ ಮೇಲೂ ದಾಟುವವರು ದಾಟಿಯೇ ದಾಟುತ್ತಾರೆ.

ಅಪ್ಪನ ಕಾಲದಲ್ಲಿ ಈ ಓಡಾಟಕ್ಕೆ ಆಸ್ಪದವೇ ಇರಲಿಲ್ಲ. ಉಳಿತಾಯ ಖಾತೆಗೆ ಎಷ್ಟು ಬಡ್ಡಿ ಅನ್ನುವುದನ್ನು ರಿಸರ್ವ್ ಬ್ಯಾಂಕೇ ಗೊತ್ತುಮಾಡುತ್ತಿತ್ತು. 2003ರಿಂದ 2011ರ ಮೇ ತಿಂಗಳವರೆಗೆ ಯಾವ ಬ್ಯಾಂಕಿಗೆ ಹೋದರೂ ಅದೇ ಮೂರೂವರೆ. ಹಾಗಾಗಿ ಬ್ಯಾಂಕನ್ನು ಆರಿಸಬೇಕಾದದ್ದು ಹೊಸವರ್ಷಕ್ಕೆ ಅವರು ಕೊಡುವ ಕ್ಯಾಲೆಂಡರಿನ ದಪ್ಪ ನೋಡಿ. ಇದರ ಜೊತೆಗೆ 2010ರ ಏಪ್ರಿಲ್‌ವರೆಗೆ ಇನ್ನೊಂದು ಕಟ್ಟಳೆ ಇತ್ತು: ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಬಡ್ಡಿ. ಹನ್ನೊಂದಕ್ಕೆ ಕಟ್ಟಿದ ದುಡ್ಡು ಆ ತಿಂಗಳು ಬಿಟ್ಟಿ ಚಾಕರಿ. ಇಪ್ಪತ್ತೊಂಬತ್ತಕ್ಕೆ ತೆಗೆದರೂ ಅದೇ ಗತಿ. ಅಪ್ಪ ಹತ್ತನೇ ತಾರೀಖಿನ ನಂತರ ಯಾರಿಗೂ ಕೈಗಡ ಕೊಡುತ್ತಿರಲಿಲ್ಲ. ಮಕ್ಕಳಿಗೆ ಜ್ವರ ಬರುವುದಿದ್ದರೂ ಒಂದರಿಂದ ಹತ್ತರೊಳಗೆ ಬಂದು ಹೋಗಬೇಕು ಅನ್ನುವ ಅಭಿಪ್ರಾಯ ಅವರದು. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಂದಿಗೂ ಆ ಹತ್ತರ ನಿಯಮ ಇದೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಅಪ್ಪನ ನೆನಪಾಗಿ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ.

2011ರ ಅಕ್ಟೋಬರ್ 25ರಂದು ರಿಸರ್ವ್ ಬ್ಯಾಂಕ್ ಹಗ್ಗ ಬಿಚ್ಚಿತು. ಉಳಿತಾಯ ಖಾತೆಗೆ ಇಷ್ಟ ಬಂದಷ್ಟು ಕೊಟ್ಟುಕೊಳ್ಳಿ ಅಂದಿತು. ದೊಡ್ಡವರು ಇಳಿಯುತ್ತಾ ಬಂದರು, ಸ್ಟೇಟ್ ಬ್ಯಾಂಕಿನವರು 2025ರ ಜೂನ್‌ನಲ್ಲಿ ಎರಡೂವರೆಗೆ ಬಂದು ನಿಂತರು. ಹೊಸದಾಗಿ ಹುಟ್ಟಿದ ಸ್ಮಾಲ್ ಫೈನಾನ್ಸ್ ಬ್ಯಾಂಕಿನವರು ಅದಕ್ಕಿಂತ ಎಷ್ಟೋ ಮೇಲಿನ ದರ ಹೇಳಿ ಕರೆಯತೊಡಗಿದರು. ನನ್ನಂಥವರ ಕಾಲಿಗೆ ಚಕ್ರ ಬಂತು.

ಹಾಗಂತ ಸುಮ್ಮನೆ ಕೂತವರ ದುಡ್ಡು ಕೂತಲ್ಲೇ ಇತ್ತೇ? 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತನ್ನ ಹೆಸರಿನ ಮೈಸೂರನ್ನು ಕಳೆದುಕೊಂಡಿತು. ವಿಜಯಾದಲ್ಲಿ ಮಲಗಿದ್ದ ಠೇವಣಿ 2019ರ ಏಪ್ರಿಲ್ ಒಂದರ ಬೆಳಿಗ್ಗೆ ಬರೋಡಾದಲ್ಲಿ ಎದ್ದಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟು ಕೆನರಾಕ್ಕೂ ಸೇರಿಹೋದವು. ಇದರಲ್ಲಿ ಒಂದು ತಮಾಷೆ. ಬ್ಯಾಂಕು ಮುಳುಗಿದರೆ ಸಿಗುವ ಠೇವಣಿ ವಿಮೆಯನ್ನು 2020ರ ಫೆಬ್ರವರಿಯಲ್ಲಷ್ಟೇ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದರು, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು. ಸಿಂಡಿಕೇಟಿನಲ್ಲಿ ಐದು, ಕೆನರಾದಲ್ಲಿ ಐದು ಅಂತ ಜಾಣತನದಿಂದ ಹಂಚಿ ಇಟ್ಟವರ ಎರಡು ಐದು ಎರಡೇ ತಿಂಗಳಲ್ಲಿ ಒಂದೇ ಐದಾಯಿತು.

ಹಳ್ಳಿಯ ಸಹಕಾರ ಸಂಘಗಳಲ್ಲಿ ಅರ್ಧ ಪರ್ಸೆಂಟ್ ಜಾಸ್ತಿ ಸಿಗುವುದುಂಟು, ಆದರೆ ಈ ವಿಮೆಯ ಕೊಡೆ ಅಲ್ಲಿಯವರೆಗೆ ಬರುವುದಿಲ್ಲ. ಅಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲವೂ ಇದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಮೂರರಿಂದ ಐದು ಲಕ್ಷ ಮಾಡಿದರು. ಗೊಬ್ಬರಕ್ಕೆಂದು ಸಾಲ ತಂದು, ಗಿಡದ ಬುಡಕ್ಕೆ ಹಾಕುವ ಬದಲು ಎಫ್‌ಡಿಯ ಬುಡಕ್ಕೆ ಹಾಕಿದ ಮಹನೀಯರೂ ಇದ್ದಾರಂತೆ. ಅವರ ಮುಂದೆ ನಾನು ಎಲ್‌ಕೆಜಿ.

ನನ್ನ ಸಾಹಸವೇನಿದ್ದರೂ ಮೊಬೈಲಿನಲ್ಲಿ. ಮಳೆಗಾಲದಲ್ಲಿ ನಮ್ಮ ಮನೆಯೊಳಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಒಟಿಪಿ ಬೇಕಾದರೆ ಕಣ ದಾಟಿ ಏರು ಹತ್ತಿ ಹಲಸಿನ ಮರದ ಬುಡದಲ್ಲಿ ನಿಲ್ಲಬೇಕು. ಕಳೆದ ಜುಲೈಯಲ್ಲಿ ಒಂದು ಸಂಜೆ, ಕಂಕುಳಲ್ಲಿ ಕೊಡೆ, ಒಂದು ಕೈಯಲ್ಲಿ ಪಾಸ್‌ಬುಕ್ಕು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದೆ. ಎರಡು ಲಕ್ಷವನ್ನು ಕಾಲು ಪರ್ಸೆಂಟ್ ಹೆಚ್ಚಿನ ಕಡೆಗೆ ದಾಟಿಸುವ ಕೆಲಸ. ಒಂದು ಗೀಟು ನೆಟ್‌ವರ್ಕ್ ಬಂತು. ಟಿಣ್ ಅಂತು. ಒಟಿಪಿ ಅಲ್ಲ, ಊರಿನ ವಾಟ್ಸಾಪ್ ಗುಂಪಿನ ಸಂದೇಶ: ಒಂಟಿ ಸಲಗ ನಮ್ಮ ತೋಟದ ಮೇಲಿನ ಬದಿಗೆ ಇಳಿದಿದೆ, ಯಾರೂ ಹೊರಗೆ ಬರಬೇಡಿ. ಅದರ ಬೆನ್ನಿಗೇ ಒಟಿಪಿ. ಗಡುವು ಮೂರು ನಿಮಿಷ. ಮೇಲಿನ ಸಿಲ್ವರ್ ಮರಗಳ ನಡುವೆ ಏನೋ ಲಟಲಟ ಮುರಿಯಿತು. ಆರು ಅಂಕಿಯಲ್ಲಿ ನಾಲ್ಕನ್ನು ನಿಂತು ಒತ್ತಿದೆ, ಎರಡನ್ನು ಓಡುತ್ತಾ ಒತ್ತಿದೆ. ಕೊಡೆ ಅಲ್ಲೇ ಉಳಿಯಿತು.

"ಎಷ್ಟು ಸಿಗುತ್ತೆ ಇದರಿಂದ?" ಅಂದಳು ಹೆಂಡತಿ, ಟವೆಲ್ಲು ಕೊಡುತ್ತಾ.

"ವರ್ಷಕ್ಕೆ ಐನೂರು."

"ಕೊಡೆಗೆ ನಾನೂರೈವತ್ತು ಕೊಟ್ಟಿದ್ದೆ ಕಣ್ರೀ."

ಅವಳ ಉಳಿತಾಯದ ರೀತಿಯೇ ಬೇರೆ. ಬಳ್ಳಿಯಿಂದ ಇಳಿಸಿದ ಕರಿಮೆಣಸನ್ನು ಒಣಗಿಸಿ, ಚೀಲದ ಬಾಯಿ ಹೊಲಿದು ಅಟ್ಟಕ್ಕೆ ಹಾಕುತ್ತಾಳೆ. ಐದಾರು ವರ್ಷದ ಹಿಂದೆ ಕೆ.ಜಿ.ಗೆ ಮುನ್ನೂರರ ಆಸುಪಾಸು ಬಿದ್ದಾಗ ನಾನು, ಮಾರಿ ಎಫ್‌ಡಿ ಇಡೋಣ ಅಂದಿದ್ದೆ. ಅವಳು ಕೇಳಿಸಿಕೊಂಡ ಹಾಗೆ ಮಾಡಲಿಲ್ಲ. ಈಗ ದರ ಆರುನೂರು ದಾಟಿದೆ. ಆರು ವರ್ಷಕ್ಕೆ ದುಪ್ಪಟ್ಟು ಅಂದರೆ ನೂರಕ್ಕೆ ಹನ್ನೆರಡರ ಬಡ್ಡಿ. ಕೆವೈಸಿ ಇಲ್ಲ, ಒಟಿಪಿ ಇಲ್ಲ, ಏಪ್ರಿಲ್ ಬಂತೆಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿ ಬಡ್ಡಿಗೆ ತೆರಿಗೆ ಹಿಡಿಯಬೇಡಿ ಅನ್ನುವ ಫಾರಂ ತುಂಬುವುದಿಲ್ಲ. ವಿಮೆ ಅಂತ ಇರುವುದು ಅಟ್ಟದ ಮೇಲಿನ ಬೆಕ್ಕು ಒಂದೇ.

ಮೊನ್ನೆ ಅವಳು ಹಿತ್ತಲಲ್ಲಿದ್ದಾಗ ಏಣಿ ಹಾಕಿ ಅಟ್ಟ ಹತ್ತಿದೆ. ಎಷ್ಟು ಚೀಲ ಇದೆ ಅಂತ ಒಂದು ಅಂದಾಜಿಗೆ, ಅಷ್ಟೆ. ಒಂದರ ಹೊಲಿಗೆಯ ತುದಿ ಹಿಡಿದು ಎಳೆದಿದ್ದೆನೋ ಇಲ್ಲವೋ, ಘಾಟಿಗೆ ಸೀನು ಬಂತು.

"ರೀ," ಅಂತ ಕೆಳಗಿಂದ ಕೂಗಿದಳು, "ಅವಧಿಗೆ ಮುಂಚೆ ಮುರಿದರೆ ಇಲ್ಲೂ ದಂಡ ಇದೆ."