ತಂತಿ ಇದೆ, ನಂಟಿಲ್ಲ

ನಿಮ್ಮ ಮನೆಯಲ್ಲಿ ಎಷ್ಟು ಕೇಬಲ್ ಇವೆ? ಲೆಕ್ಕ ಹೇಳಲಾರಿರಿ. ಟಿವಿ ಸ್ಟ್ಯಾಂಡಿನ ಡ್ರಾಯರ್ ಎಳೆದರೆ ಒಂದಕ್ಕೊಂದು ಸುತ್ತಿಕೊಂಡ ಕಪ್ಪು ಬಿಳಿ ವೈರುಗಳ ಮುದ್ದೆಯೇ ಕೈಗೆ ಬರುತ್ತದೆ. ಸರಿ, ಅದರಲ್ಲಿ ಫೋನಿನ ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸುವ ಕೇಬಲ್ ಯಾವುದು? ಈಗ ನೀವು ಮಗಳನ್ನು ಕೂಗುತ್ತೀರಿ. ಮಗಳು ಬಂದು ಒಂದೊಂದನ್ನೇ ಎತ್ತಿ ನೋಡಿ, "ಅಪ್ಪಾ, ಇವೆಲ್ಲ ಬರೀ ಚಾರ್ಜಿಂಗಿಗೆ" ಎಂದು ತೀರ್ಪು ಕೊಟ್ಟು ಹೊರಟುಹೋಗುತ್ತಾಳೆ.

ಅವಳು ಹೇಳಿದ್ದು ನಿಜ. ಹಳೆಯ ಬಗೆಯ ಯುಎಸ್‌ಬಿ ಕೇಬಲ್ಲಿನ ಹೊಟ್ಟೆಯಲ್ಲಿ ನಾಲ್ಕು ತಂತಿಗಳಿರುತ್ತವೆ, ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಕೇಬಲ್ ಮಾಡುವ ಪುಣ್ಯಾತ್ಮರು ಎಷ್ಟೋ ಸಲ ಮಾಹಿತಿಯ ಎರಡನ್ನು ಹಾಕುವುದೇ ಇಲ್ಲ. ಮೇಲಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗದು. ಚುಚ್ಚಿದ ತಕ್ಷಣ ಫೋನಿನಲ್ಲಿ ಮಿಂಚಿನ ಗುರುತು ಬರುತ್ತದೆ, ನಮಗೂ ಖುಷಿಯಾಗುತ್ತದೆ. ಪಕ್ಕದಲ್ಲೊಂದು ಫೋನಿದೆ ಎಂಬ ಸುಳಿವು ಮಾತ್ರ ಕಂಪ್ಯೂಟರಿಗೆ ಹತ್ತುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ಅಷ್ಟೆ, ನಿಮ್ಮೂರಿನ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಗೆ ಹೋದರೂ ಅಷ್ಟೆ, ಬಾಯಿ ಬಿಟ್ಟು "ಡೇಟಾ ಕೇಬಲ್ ಕೊಡಿ" ಅನ್ನಬೇಕು. ಬರೀ "ಕೇಬಲ್ ಕೊಡಿ" ಅಂದವರಿಗೆ ಡ್ರಾಯರ್ ತುಂಬಿಸುವ ಭಾಗ್ಯ ಮಾತ್ರ.

ಸರಿಯಾದದ್ದು ಸಿಕ್ಕಿತು ಅನ್ನೋಣ. ಆಗಲೂ ಫೋನು, ಕಂಪ್ಯೂಟರು ಹೊಸ ಬೀಗರ ಹಾಗೆ ಎದುರುಬದುರು ಕೂತು ಗಂಟಲು ಸರಿಮಾಡಿಕೊಳ್ಳುತ್ತವೆಯೇ ಹೊರತು ತಾವಾಗಿ ಮಾತು ತೆಗೆಯುವುದಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದೀಚೆಗೆ ಇದೇ ಪದ್ಧತಿ. ಚುಚ್ಚಿದರೆ ಮೊದಲು ಚಾರ್ಜ್ ಮಾತ್ರ. ಫೋನಿನ ಬೀಗ ತೆಗೆದು, ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಅಲ್ಲಿ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುದುಡಿ ಕೂತ ಯುಎಸ್‌ಬಿ ಸೂಚನೆಯನ್ನು ಒತ್ತಿ, 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು. ಐಫೋನ್ ಆದರೆ ಇನ್ನೂ ಬಿಗುಮಾನ. ಈ ಕಂಪ್ಯೂಟರನ್ನು ನಂಬಬಹುದೇ ಎಂದು ಕೇಳುತ್ತದೆ. ಹತ್ತು ವರ್ಷದಿಂದ ಒಂದೇ ಮೇಜಿನ ಮೇಲಿದ್ದರೂ ಆ ಪ್ರಶ್ನೆ ತಪ್ಪಿದ್ದಲ್ಲ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಈ ಗುಟ್ಟು ಗೊತ್ತಿರಲಿಲ್ಲ. ಫೋನಿನ ಫೋಲ್ಡರ್ ತೆರೆದರು, ಒಳಗೆ ಏನೂ ಇಲ್ಲ. ಹಿಂದೆ ನಿಂತಿದ್ದ ಮನೆಯವರು, "ಏನ್ರೀ ಮಾಡಿದ್ರಿ? ಮೊಮ್ಮಗೂನ ನಾಮಕರಣದ್ದು ಅಷ್ಟೂ ಹೋಯ್ತಾ?" ಎಂದು ಕೂಗಿದ ಕೂಗು ನಮ್ಮ ಅಡುಗೆಮನೆಗೆ ಕೇಳಿಸಿತು. ಫೋಟೊ ಎಲ್ಲಿಗೂ ಹೋಗಿರಲಿಲ್ಲ. ಫೋನ್ ಲಾಕ್ ಆಗಿತ್ತು, ಅಷ್ಟೆ. ಮೇಷ್ಟ್ರು ಹೆಬ್ಬೆಟ್ಟು ಒತ್ತಿದರು, ಕೂಸು ತೊಟ್ಟಿಲ ಸಮೇತ ಪ್ರತ್ಯಕ್ಷವಾಯಿತು.

ಇಷ್ಟೊಂದು ಮಡಿ ಯಾಕೆ ಎಂದು ಬೈಯುವವರು ಬಸ್ಸಿನಲ್ಲೋ ವಿಮಾನ ನಿಲ್ದಾಣದಲ್ಲೋ ಕಂಡಕಂಡ ಯುಎಸ್‌ಬಿ ತೂತಿಗೆ ಫೋನ್ ಸಿಕ್ಕಿಸುವ ನಮ್ಮದೇ ಚಾಳಿಯನ್ನು ಒಮ್ಮೆ ನೆನೆಯಬೇಕು. ಆ ತೂತಿನ ಆಚೆ ಯಾರಿದ್ದಾರೋ ಬಲ್ಲವರಾರು? ಇಂಥ ಕಡೆ ಚಾರ್ಜ್ ಮಾಡುವಾಗ ಜೋಪಾನ ಎಂದು ರಿಸರ್ವ್ ಬ್ಯಾಂಕು ಕೂಡ 2022ರ ತನ್ನ ಪುಸ್ತಿಕೆಯಲ್ಲಿ ಎಚ್ಚರಿಸಿತ್ತು. ಮನೆಯಲ್ಲಿ ನಾವು ಶಪಿಸಿದ ಎರಡೇ ತಂತಿಯ ದರಿದ್ರ ಕೇಬಲ್ ಅಂಥ ಜಾಗದಲ್ಲಿ ಚಿನ್ನ. ವಿದ್ಯುತ್ ಬರುತ್ತದೆ, ಮಾಹಿತಿ ಹೋಗುವ ದಾರಿಯೇ ಇಲ್ಲ. ಆದ್ದರಿಂದ ಡ್ರಾಯರ್ ಗುಡಿಸಿ ಎಸೆಯುವ ಮುಂಚೆ ಒಂದನ್ನು ಪ್ರಯಾಣದ ಚೀಲಕ್ಕೆ ಹಾಕಿಟ್ಟುಕೊಳ್ಳಿ.

ಇನ್ನು ಚುಚ್ಚುವ ಸಂಕಟ. ಒಮ್ಮೆ ಚುಚ್ಚಿದರೆ ಹೋಗದು, ತಿರುಗಿಸಿದರೂ ಹೋಗದು, ಮತ್ತೆ ಮೊದಲಿನಂತೆ ಹಿಡಿದರೆ ಸಲೀಸಾಗಿ ಹೋಗುತ್ತದೆ! 1996ರಲ್ಲಿ ಬಂದ ಯುಎಸ್‌ಬಿಯ ಹಿಂದಿನ ಪ್ರಮುಖರಲ್ಲೊಬ್ಬರು ಇಂಟೆಲ್‌ನಲ್ಲಿದ್ದ ಅಜಯ್ ಭಟ್, ಬರೋಡಾದಲ್ಲಿ ಓದಿದವರು. ಎರಡೂ ಕಡೆಯಿಂದ ಹೋಗುವಂತೆ ಮಾಡಬಹುದಿತ್ತು, ಆದರೆ ತಂತಿ, ಸರ್ಕ್ಯೂಟ್ ಎರಡೂ ದುಪ್ಪಟ್ಟಾಗಿ ಖರ್ಚು ಏರುತ್ತಿತ್ತು ಎಂದು ಅವರೇ ವಿವರಿಸಿದ್ದಾರೆ. ನಾಲ್ಕು ಕಾಸು ಉಳಿಸಲು ಹೋಗಿ ಜಗತ್ತಿನ ಜನರನ್ನೆಲ್ಲ ಮೇಜಿನ ಕೆಳಗೆ ಬಗ್ಗಿಸಿದರು ಅನ್ನೋಣ. ಆ ಅಗ್ಗದ ಬೆಲೆಯಿಂದಲೇ ಅದು ಪ್ರಿಂಟರಿನಿಂದ ಹಿಡಿದು ಮೌಸಿನವರೆಗೆ ಎಲ್ಲ ಕಡೆ ಹೊಕ್ಕಿತು ಎಂಬುದೂ ನಿಜ. ಹಿಂದುಮುಂದಿನ ಜಗಳ ತೀರಿದ್ದು 2014ರಲ್ಲಿ, ಟೈಪ್-ಸಿ ಬಂದ ಮೇಲೆ. 2023ರಲ್ಲಿ ಐಫೋನ್ 15 ಕೂಡ ಅದಕ್ಕೇ ಒಲಿಯಿತು. ಹಾಗೆಂದು ಬೀಗಬೇಡಿ. ಟೈಪ್-ಸಿ ಎಂಬುದು ಬಾಯಿಯ ಆಕಾರ ಮಾತ್ರ, ಓಟದ ವೇಗವೇ ಬೇರೆ. ಬಂದಾಗ ಎಂಬತ್ತು ಸಾವಿರದ ಹತ್ತಿರ ಬೆಲೆಯಿದ್ದ ಆ ಐಫೋನ್ 15ರ ಮಾಮೂಲಿ ಮಾದರಿ ಕೇಬಲ್ ಮೇಲೆ ಓಡುವುದು 2000ನೇ ಇಸವಿಯ ಯುಎಸ್‌ಬಿ 2.0ರ ವೇಗದಲ್ಲಿ, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್.

ನನ್ನ ಭಾವಮೈದುನನಿಗೆ ಈ ಮಾತೆಲ್ಲ ಹಳೇ ಕಾಲದ್ದು. "ವೈರೆಲ್ಲ ಈಗ ಯಾರು ಹಿಡ್ಕೋತಾರೆ ಭಾವ? ಎಲ್ಲ ಗಾಳೀಲೇ" ಅನ್ನುತ್ತಾನೆ. ಸಾಫ್ಟ್‌ವೇರಿನವನು, ಗಾಳಿಯ ಮೇಲೆ ಅವನಿಗೆ ಅಪಾರ ಭಕ್ತಿ. ಬ್ಲೂಟೂತ್ ಎಂಬುದು ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರಂತೆ. ಚದುರಿದ್ದ ಜನರನ್ನು ಒಂದುಗೂಡಿಸಿದ ಕೀರ್ತಿ ಆ ದೊರೆಗೆ. ಆದರೆ ಅವನ ಹೆಸರಿನ ಈ ವಿದ್ಯೆ ಕಡತ ಸಾಗಿಸಲು ಸೆಕೆಂಡಿಗೆ ಎರಡು ಮೆಗಾಬಿಟ್ ಆಸುಪಾಸಿನಲ್ಲಿ ತೆವಳುತ್ತದೆ. ಮದುವೆಯ 10 ಜಿಬಿ ವಿಡಿಯೊ ಹಚ್ಚಿದರೆ ಹನ್ನೊಂದು ಗಂಟೆ ಬೇಕು. ರಾತ್ರಿ ಊಟ ಮುಗಿಸಿ ಶುರು ಮಾಡಿದರೆ ಬೆಳಗಿನ ತಿಂಡಿಗೂ ಮುಗಿಯದು. ಅದನ್ನೇ ಮಾಮೂಲಿ ಡೇಟಾ ಕೇಬಲ್ಲಿಗೆ ಒಪ್ಪಿಸಿದರೆ ಒಂದು ಲೋಟ ಕಾಫಿ ಮಾಡಿ ಕುಡಿಯುವಷ್ಟರಲ್ಲಿ ಇಳಿದಿರುತ್ತದೆ.

ವೈ-ಫೈ ಮಾತು ಬೇರೆ, ಒಪ್ಪಿಕೊಳ್ಳಬೇಕು. ಆಂಡ್ರಾಯ್ಡಿನ ಕ್ವಿಕ್ ಶೇರ್‌ನಂಥ ಸೌಲಭ್ಯಗಳು ಗುರುತು ಹಚ್ಚಲಷ್ಟೇ ಬ್ಲೂಟೂತ್ ಬಳಸಿ, ಹೊರೆ ಹೊರಿಸುವುದು ವೈ-ಫೈ ಮೇಲೆ. ಲೋಕಲ್‌ಸೆಂಡ್ ಎಂಬ ಉಚಿತ ತಂತ್ರಾಂಶವಂತೂ ಆಂಡ್ರಾಯ್ಡು, ಐಫೋನು, ವಿಂಡೋಸು, ಲಿನಕ್ಸು ಎಂಬ ಭೇದವಿಲ್ಲದೆ ಎಲ್ಲದರ ನಡುವೆಯೂ ಇಂಟರ್‌ನೆಟ್ಟಿನ ಹಂಗಿಲ್ಲದೆ ಸಾಗಿಸುತ್ತದೆ. ಆದರೆ ಅದಕ್ಕೆ ಫೋನು, ಕಂಪ್ಯೂಟರು ಎರಡೂ ಒಂದೇ ವೈ-ಫೈನಲ್ಲಿರಬೇಕು. ಮೊನ್ನೆ ಭಾವಮೈದುನ ಅರ್ಧ ಗಂಟೆ ಒದ್ದಾಡಿದ್ದು ಇಲ್ಲೇ. ಲ್ಯಾಪ್‌ಟಾಪ್ ಮನೆಯ ವೈ-ಫೈನಲ್ಲಿತ್ತು, ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರಿತ್ತು. ನಾನು ಏನೂ ಅನ್ನಲಿಲ್ಲ. ಡ್ರಾಯರಿನಿಂದ ಕೇಬಲ್ ತೆಗೆದು ಅವನ ಮುಂದಿಟ್ಟೆ.

ಈ ಎಲ್ಲ ರಗಳೆಗೆ ನಮ್ಮ ಜನ ಕಂಡುಕೊಂಡ ಪರಿಹಾರ ಒಂದೇ, ವಾಟ್ಸಾಪ್. ಒಂದು ಗೇಣು ಆಚೆಗಿರುವ ಲ್ಯಾಪ್‌ಟಾಪಿಗೆ ಫೋಟೊ ಹೋಗಬೇಕಾದರೆ ಅದು ಎಲ್ಲಿಯದೋ ಸರ್ವರಿನ ಹೊಸ್ತಿಲು ತುಳಿದು, ದಾರಿಯಲ್ಲಿ ಸೊರಗಿ, ಮಸುಕಾಗಿ ಮನೆಗೆ ಮರಳಬೇಕು. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗಳ ವ್ಯವಹಾರ ಪೂರ್ತಿ ನಿಂತಿರುವುದು ಇದರ ಮೇಲೆಯೇ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ದಪ್ಪಕ್ಷರದ ಫೋನ್ ನಂಬರು, ಕೆಳಗೆ "ಇದಕ್ಕೆ ಕಳಿಸಿ". ಅಲ್ಲಿ ನಾನು ಕೇಳಿದ ಒಂದು ಸಂಭಾಷಣೆ ಹೀಗಿದೆ. ಆಧಾರ್ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕಾಯಿತು.

"ಹೆಸರಿನ ಮೊದಲ ನಾಕಕ್ಷರ ಇಂಗ್ಲಿಷಲ್ಲಿ, ಆಮೇಲೆ ಹುಟ್ಟಿದ ವರ್ಷ. ಯಾವ ವರ್ಷ ಯಜಮಾನ್ರೇ?"

"ಯಾವ್ದು ಹೇಳ್ಲಪ್ಪಾ, ಮೇಷ್ಟ್ರು ಬರ್ಸಿದ್ದಾ, ನಮ್ಮವ್ವ ಹೇಳಿದ್ದಾ?"

ಅಂಗಡಿಯ ಹುಡುಗ ಎರಡನ್ನೂ ಹೊಡೆದು ನೋಡಿದ. ಮೇಷ್ಟ್ರ ವರ್ಷವೇ ಗೆದ್ದಿತು. ಪ್ರಿಂಟು ಬಂತು, ಯಜಮಾನರು ದುಡ್ಡು ಕೊಟ್ಟು ನಡೆದರು. ಅವರ ಆಧಾರ್ ಮಾತ್ರ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯಿತು. ಅದಕ್ಕೂ ಮುಂಚೆ ಬಂದವರ ಪಹಣಿ, ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲ ಅಲ್ಲೇ ಸಾಲಾಗಿ ಕೂತಿದ್ದವು. ಇಂಥಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಲುವುದಾದರೆ ಅದನ್ನೇ ಕೊಡಿ, ಮುದ್ರಣವಾದ ಮೇಲೆ "ಅಣ್ಣ, ಅಳಿಸಿಬಿಡಪ್ಪಾ" ಎಂದು ಎದುರಿಗೇ ನಿಂತು ಅಳಿಸಿಸಿ. ಹುಡುಗ ಮುಖ ಗಂಟು ಹಾಕಿದರೆ ಹಾಕಲಿ.

ನನ್ನ ಪಕ್ಷಪಾತ ನಿಮಗೆ ಆಗಲೇ ಗೊತ್ತಾಗಿದೆ. ಒಂದೆರಡು ಫೋಟೊಗಾದರೆ ಗಾಳಿಯ ದಾರಿಯೇ ಹಗುರ, ಅದಕ್ಕೆ ಕೇಬಲ್ ಹುಡುಕುತ್ತ ಕೂರುವುದು ಹುಂಬತನ. ವರ್ಷಗಟ್ಟಲೆ ಸೇರಿದ ರಾಶಿಯನ್ನು ಇಳಿಸಲು ಮಾತ್ರ ಒಳ್ಳೆಯ ಡೇಟಾ ಕೇಬಲ್ಲಿಗೆ ಸಾಟಿ ಇಲ್ಲ. ಫೋನು ಕಳೆಯುವುದಕ್ಕೆ, ಬಚ್ಚಲ ಬಕೆಟ್ಟಿಗೆ ಬೀಳುವುದಕ್ಕೆ ಮುಹೂರ್ತ ನೋಡುವುದಿಲ್ಲ, ಆದ್ದರಿಂದ ಈ ಭಾನುವಾರವೇ ಕೂತು ಇಳಿಸಿ. ಇಳಿಸುವಾಗ 'ಕಟ್' ಒತ್ತಬೇಡಿ, 'ಕಾಪಿ' ಒತ್ತಿ. ನಡುವೆ ಕೇಬಲ್ ಅಲುಗಾಡಿ ಸಂಪರ್ಕ ತಪ್ಪಿದರೂ ಮೂಲ ಪ್ರತಿ ಫೋನಿನಲ್ಲಿ ಇರುತ್ತದೆ. ಕಂಪ್ಯೂಟರಿನಲ್ಲಿ ನಾಲ್ಕಾರು ಫೋಟೊ ತೆರೆದು ನೋಡಿ, ಸರಿಯಾಗಿ ಬಂದಿವೆ ಅಂತ ಖಾತ್ರಿಯಾದ ಮೇಲೆ ಫೋನಿನಿಂದ ಅಳಿಸಿ.