ಟಾವರ್ ಕಾಕಾ

ಕರ್ನಾಟಕದ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರ ಮತ್ತು ತೆಲಂಗಾಣಗಳ ನಡುವೆ ಚಾಚಿಕೊಂಡಿರುವ ಬೀದರ ಜಿಲ್ಲೆಯಲ್ಲಿ ಹಳ್ಳಿಗೊಬ್ಬರು, ಪಟ್ಟಣದಲ್ಲಾದರೆ ಗಲ್ಲಿಗೊಬ್ಬರು ಎಂಬ ಲೆಕ್ಕದಲ್ಲಿ ಸಿಗುವ ಒಂದು ಬಗೆಯ ಹಿರಿಯರಿದ್ದು, ಯಾವ ಜಾಗದಲ್ಲಿ ಯಾವ ಕಂಪನಿಯ ಸಿಮ್ಮಿಗೆ ಎಷ್ಟು ಸಿಗ್ನಲ್ ಬರುತ್ತದೆ ಎಂಬುದನ್ನು ಗೇಣು ಮೊಳಗಳಲ್ಲಿ ಹೇಳಬಲ್ಲ ಇವರನ್ನು ಇಲ್ಲಿ ಟಾವರ್ ಕಾಕಾ ಎಂದು ಕರೆಯಲಾಗಿದೆ. ವೃತ್ತಿಯಿಂದ ಇವರು ನಿವೃತ್ತ ಮಾಸ್ತರರೋ, ಕಿರಾಣಿ ಅಂಗಡಿಯವರೋ, ಪಂಪಸೆಟ್ ರಿಪೇರಿಯವರೋ ಆಗಿರುವುದುಂಟು; ಆದರೆ ಅಂಗಿಯ ಜೇಬಿನಲ್ಲಿ ಎರಡು ಸಿಮ್ಮಿನ ದೊಡ್ಡ ಫೋನು, ಪೈಜಾಮದ ಜೇಬಿನಲ್ಲಿ ಗುಂಡಿಗಳಿರುವ ಸಣ್ಣ ಫೋನು, ಮತ್ತು ಮಾತಿನ ನಡುವೆ ಬಲಗೈಯನ್ನು ಆಕಾಶಕ್ಕೆತ್ತಿ ಅರ್ಧ ಸುತ್ತು ತಿರುಗುವ ಅಭ್ಯಾಸ, ಇವು ಮೂರೂ ಕೂಡಿದ್ದರೆ ಗುರುತಿಸುವಲ್ಲಿ ತಪ್ಪಾಗುವ ಸಂಭವವಿಲ್ಲ.

"ಕಾಕಾ, ನಮ್ಮ ಮನ್ಯಾಗ ಟಾವರ್ ಬರವಲ್ದು ನೋಡ್ರಿ" ಎಂದು ಯಾರಾದರೂ ದೂರಿಕೊಂಡರೆ, ಕಾಕಾ ಫೋನನ್ನು ಮುಟ್ಟುವ ಮೊದಲು ವಾಸ್ತು ಪಂಡಿತರ ಗಾಂಭೀರ್ಯದಿಂದ "ಬಾಗಿಲ ಯಾವ ಕಡಿ ಅದ? ಮ್ಯಾಲ ಪತ್ರಾ ಅದನೋ, ಸ್ಲ್ಯಾಬ್ ಅದನೋ?" ಎಂದು ವಿಚಾರಿಸುತ್ತಾರೆ. ಪ್ರಶ್ನೆ ಕೇಳಲು ವಿಚಿತ್ರವಾಗಿದ್ದರೂ ಶಾಸ್ತ್ರಸಮ್ಮತವೇ ಆಗಿದೆ. ಏಕೆಂದರೆ ತಗಡಿನ ಹೊದಿಕೆ ರೇಡಿಯೋ ಅಲೆಗಳನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ, ಬೀದರಿನ ಹಳೆಯ ಮನೆಗಳ ದಪ್ಪ ಕಲ್ಲುಮಣ್ಣಿನ ಗೋಡೆಗಳು ಅವನ್ನು ನುಂಗಿಕೊಳ್ಳುತ್ತವೆ. ಇಂಥ ಮನೆಗಳಲ್ಲಿ ಕಾಕಾರ ನಿರ್ಣಯದ ಮೇರೆಗೆ ಫೋನಿಗೆ ಬೆಳಕಿಂಡಿಯಲ್ಲಿ ಒಂದು ಕರವಸ್ತ್ರದ ಹಾಸಿಗೆ ಸಿದ್ಧವಾಗುತ್ತದೆ, ಸ್ಪೀಕರ್ ಹಾಕಲಾಗುತ್ತದೆ, ಮತ್ತು ಮನೆಮಂದಿಯೆಲ್ಲ ಕತ್ತೆತ್ತಿ ಗೋಡೆಯೊಡನೆ ಮಾತನಾಡುತ್ತಾರೆ. ಸೊಸೆಯ ತವರಿನ ಗುಟ್ಟುಗಳು ಹೀಗೆ ಓಣಿಗೆಲ್ಲ ತಿಳಿಯುವುದನ್ನು ಕಾಕಾ ತಮ್ಮ ಹೊಣೆಯೆಂದು ಭಾವಿಸುವುದಿಲ್ಲ. ಎರಡನೆಯ ಚಿಕಿತ್ಸೆ ಫ್ಲೈಟ್ ಮೋಡ್, ಎಂದರೆ ಫೋನಿಗೂ ಟಾವರಿಗೂ ಇರುವ ಸಂಬಂಧವನ್ನು ಒಮ್ಮೆ ಕಡಿದು ಹೊಸದಾಗಿ ಹುಡುಕಿಸುವ ಉಪಾಯ. ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಹಾರುವ ಬೀದರಿನಲ್ಲಿ, ಜನ್ಮದಲ್ಲಿ ವಿಮಾನ ಹತ್ತದವರೂ ಈ ಮೋಡನ್ನು ದಿನಕ್ಕೆ ನಾಲ್ಕಾರು ಬಾರಿ ಬಳಸುವುದು ಕಾಕಾರ ಉಪದೇಶದ ಫಲವೇ ಆಗಿದೆ.

ಪರದೆಯ ಮೇಲೆ ಕಾಣುವ ಕಡ್ಡಿಗಳನ್ನು ಕಾಕಾ ನಂಬುವುದಿಲ್ಲ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಎಂಬ ಬಗ್ಗೆ ಎಲ್ಲ ತಯಾರಕರಿಗೂ ಅನ್ವಯಿಸುವ ನಿಯಮವಿಲ್ಲದಿರುವುದರಿಂದ, ಒಂದೇ ಕಟ್ಟೆಯ ಮೇಲೆ ಒಂದೇ ಕಂಪನಿಯ ಸಿಮ್ಮು ಒಂದು ಫೋನಿನಲ್ಲಿ ನಾಲ್ಕು ಕಡ್ಡಿಯನ್ನೂ ಇನ್ನೊಂದರಲ್ಲಿ ಎರಡನ್ನೂ ತೋರಿಸಬಲ್ಲದು. ಆದ್ದರಿಂದ ಅವರು ಸೆಟ್ಟಿಂಗ್ಸಿನ ಒಳಹೊಕ್ಕು, ಸಿಮ್ ಸ್ಥಿತಿ ಎಂಬಲ್ಲಿ ಅಡಗಿರುವ ಡಿಬಿಎಂ ಎಂಬ ಅಂಕಿಯನ್ನು ಹೊರತೆಗೆಯುತ್ತಾರೆ. ಒಂದು ಮಿಲಿವ್ಯಾಟಿಗೆ ಹೋಲಿಸಿ ಸಿಗ್ನಲಿನ ಬಲವನ್ನು ಹೇಳುವ ಈ ಅಳತೆಯಲ್ಲಿ ಅಂಕಿ ಸದಾ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಸಮೀಪವಿದ್ದಷ್ಟೂ ಒಳ್ಳೆಯದು, ಮತ್ತು 10 ಇಳಿದಾಗಲೆಲ್ಲ ಬಲ ಹತ್ತನೆಯ ಒಂದು ಪಾಲಿಗೆ ಕುಸಿಯುತ್ತದೆ. ಹೀಗಾಗಿ 4ಜಿಯಲ್ಲಿ ಮೈನಸ್ 80 ಸುಖದ ಸ್ಥಿತಿ, ಮೈನಸ್ 115 ಪ್ರಾಣಸಂಕಟ. ಪರೀಕ್ಷೆಯ ಅಂಕಗಳಿಗೆ ಒಗ್ಗಿಕೊಂಡ ಹುಡುಗರು 118 ಕಂಡು ಹಿಗ್ಗಿದಾಗ ಕಾಕಾ ಲಾಗರಿದಮ್ಮನ್ನು ಮೊದಲಿನಿಂದ ವಿವರಿಸುವುದರಿಂದ, ಹಿಗ್ಗುವ ಹುಡುಗರ ಸಂಖ್ಯೆ ಈಚೆಗೆ ಕಡಿಮೆಯಾಗಿದೆ.

ಬೀದರ ನಗರದ ಕಾಕಾರಲ್ಲಿ ಇತಿಹಾಸದ ಒಲವು ಹೆಚ್ಚು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ಕಲಬುರಗಿಯಿಂದ ಪ್ರಸ್ಥಭೂಮಿಯ ಅಂಚಿನ ಬೀದರಿಗೆ ರಾಜಧಾನಿಯನ್ನು ತಂದದ್ದೂ, ಹಳೆಯ ಊರಿನ ನಾಲ್ಕು ರಸ್ತೆ ಕೂಡುವಲ್ಲಿ ಚೌಬಾರಾ ಎಂಬ 71 ಅಡಿಯ ದುಂಡು ಗೋಪುರ ಕಾವಲಿಗೆ ನಿಂತದ್ದೂ ಒಂದೇ ತತ್ತ್ವದ ಮೇಲೆ, ಅಂದರೆ ಅಡೆತಡೆಯಿಲ್ಲದ ನೇರ ನೋಟದ ತತ್ತ್ವದ ಮೇಲೆ ಎಂಬುದು ಅವರ ಸಿದ್ಧಾಂತವಾಗಿದ್ದು, ಮೊಬೈಲ್ ಟಾವರ್ ಕಟ್ಟುವವರೂ ಎತ್ತರದ ಜಾಗವನ್ನೇ ಅರಸುವುದರಿಂದ ಅದನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿಗೆ ಚಾಲನೆ ದೊರೆತ ಮೇಲೆ ನಗರದ ಕಾಕಾರು ವೇಗಪರೀಕ್ಷೆಯ ವ್ಯಸನಕ್ಕೆ ಬಿದ್ದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಒಂದು, ಖಾಸಗಿಯವು ಇನ್ನೆರಡು. ವೇಗ ಅಳೆಯಬೇಕಾದರೆ ದತ್ತಾಂಶವನ್ನು ನಿಜವಾಗಿಯೇ ಇಳಿಸಿಕೊಳ್ಳಬೇಕಾದ್ದರಿಂದ, ದಿನಕ್ಕೆ 1.5 ಜಿಬಿಯ ಪ್ಯಾಕು ಹಾಕಿಸಿಕೊಂಡ ಕಾಕಾ ನೆಟ್ಟು ಬಹಳ ಜೋರಾಗಿದೆಯೆಂದು ಸಾಬೀತುಪಡಿಸುವಷ್ಟರಲ್ಲಿ ಬೆಳಗಿನ ಚಹಾದ ಹೊತ್ತಿಗೇ ನೆಟ್ಟು ಮುಗಿದಿರುತ್ತದೆ. ಝರಣಿ ನರಸಿಂಹನ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದುಹೋಗುವಾಗ ಮಾತ್ರ ಕಾಕಾ ಫೋನನ್ನು ಹೊರಗೆ ಹೆಂಡತಿಯ ಕೈಗೆ ಕೊಟ್ಟು ಹೋಗುತ್ತಾರೆ, ಮತ್ತು ಒಳಗೆ ದೇವರಲ್ಲಿ ಏನು ಬೇಡಿಕೊಳ್ಳಬೇಕೆಂದು ತೋಚದೆ ಹೊರಬರುತ್ತಾರೆ.

ಭಾಲ್ಕಿಯ ಕಾಕಾರು ಕೃಷಿಪ್ರಧಾನರು. ಒದ್ದೆ ಎಲೆಗಳು ಅಲೆಗಳನ್ನು ಹೀರುತ್ತವೆ ಎಂಬುದು ನಿಜವಾದ್ದರಿಂದ, ಆಳೆತ್ತರದ ಕಬ್ಬಿನ ನಡುವೆ ಮನೆ ಮಾಡಿಕೊಂಡಿರುವ ಇವರು ತಮ್ಮ ಅಧ್ಯಯನವನ್ನು ಕಬ್ಬು ಕಡಿಯುವ ಮುನ್ನ ಮತ್ತು ಕಡಿದ ನಂತರ ಎಂಬ ಎರಡು ಯುಗಗಳಲ್ಲಿ ಮಂಡಿಸುತ್ತಾರೆ. ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಪೋರ್ಟಿಂಗ್ ವ್ಯವಸ್ಥೆ 2011ರ ಜನವರಿ 20ರಂದು ದೇಶವ್ಯಾಪಿಯಾದಾಗಿನಿಂದ ಇವರು ಎಲ್ಲ ಕಂಪನಿಗಳನ್ನೂ ಒಂದು ಸುತ್ತು ಮುಗಿಸಿದ್ದಾರೆ. ಒಮ್ಮೆ ಬದಲಿಸಿದ ಮೇಲೆ 90 ದಿನ ಮತ್ತೆ ಬದಲಿಸುವಂತಿಲ್ಲ. ಆ 90 ದಿನಗಳನ್ನು ಅವರು ಬಿಟ್ಟುಬಂದ ಕಂಪನಿಯನ್ನು ಹೊಗಳುತ್ತ ಕಳೆಯುತ್ತಾರೆ.

ಈ ವರ್ಗದ ಪೂರ್ಣ ವಿಕಾಸವನ್ನು ನೋಡಬೇಕಾದರೆ ಔರಾದಿಗೇ ಹೋಗಬೇಕು. ದೂರಸಂಪರ್ಕ ಇಲಾಖೆ ದೇಶವನ್ನು ಸರ್ಕಲ್ ಎಂಬ 22 ಸೇವಾಕ್ಷೇತ್ರಗಳಾಗಿ ವಿಂಗಡಿಸಿದ್ದು, ಕರ್ನಾಟಕ ಸರ್ಕಲ್ ಮುಗಿದು ಮಹಾರಾಷ್ಟ್ರ ಸರ್ಕಲ್ ಆರಂಭವಾಗುವ ಗೆರೆ ಈ ತಾಲ್ಲೂಕಿನ ಹೊಲಗಳ ಬದುವಿನಲ್ಲಿಯೇ ಹಾದುಹೋಗುತ್ತದೆ. ಆದರೆ ದೇಗಲೂರು, ಉದಗೀರ ಕಡೆಯ ಅಲೆಗಳಿಗೆ ರಾಜ್ಯ ಪುನರ್ವಿಂಗಡಣೆಯ ಅರಿವಿಲ್ಲ. ಹೊರ ಸರ್ಕಲಿನ ಟಾವರ್ ಹಿಡಿದರೆ ರೋಮಿಂಗ್, ಎಂದರೆ ಪರಸ್ಥಳದ ಶುಲ್ಕ ಬೀಳುತ್ತಿದ್ದ ಕಾಲದಲ್ಲಿ, ಹಿತ್ತಲಿಗೆ ಹೋಗಿ ಹಲೋ ಎಂದವನ ಕರೆನ್ಸಿ ಪಡಸಾಲೆಗೆ ಮರಳುವಷ್ಟರಲ್ಲಿ ಕರಗುತ್ತಿತ್ತು, ಮತ್ತು ಯಾವ ಬೇವಿನ ಮರದ ಯಾವ ಪಕ್ಕಕ್ಕೆ ನಿಂತರೆ ಕರ್ನಾಟಕ ಎಂಬುದನ್ನು ಬಲ್ಲ ಕಾಕಾರಿಗೆ ತಲಾಠಿಗಿಂತ ಹೆಚ್ಚಿನ ಮರ್ಯಾದೆ ಇತ್ತು. 2017ರ ಹೊತ್ತಿಗೆ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟಾಗ ಊರೆಲ್ಲ ಸಂತೋಷಪಟ್ಟಿತು. ಕಾಕಾ ಮಾತ್ರ ಕೆಲದಿನ ಮಂಕಾಗಿದ್ದರು. ಅವರ ಅದೃಷ್ಟಕ್ಕೆ 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸಗಾರರ ಹಾಜರಿಯನ್ನು ದಿನಕ್ಕೆರಡು ಸಲ ಫೋಟೋ ಸಮೇತ ಆ್ಯಪಿನಲ್ಲಿ ಹಾಕುವುದು ಕಡ್ಡಾಯವಾಯಿತು. ಕೆರೆಯ ಹೂಳೆತ್ತುವ ತಗ್ಗಿನಲ್ಲಿ ಫೋಟೋ ಹೊಡೆದ ಮೇಟ್, ಎಂದರೆ ಕೂಲಿಕಾರರ ಮುಂದಾಳು, ಅದನ್ನು ಕಳಿಸಲು ದಿಬ್ಬ ಹುಡುಕುವಾಗ ಕಾಕಾ ಮುಂದೆ ಮುಂದೆ ನಡೆಯುತ್ತ "ಇಲ್ಲಿ ಬ್ಯಾಡ, ಇನ್ನೂ ನಾಲ್ಕ್ ಹೆಜ್ಜಿ ಬಾ ತಮ್ಮಾ, ಆ ಕರಿಕಲ್ಲಿನ ಮ್ಯಾಲ ಹತ್ತು" ಎಂದು ದಾರಿ ತೋರಿಸುವ ದೃಶ್ಯದಲ್ಲಿ ಅವರ ಕಳೆದುಹೋದ ಪ್ರತಿಷ್ಠೆಯೆಲ್ಲ ಬಡ್ಡಿಸಹಿತ ಹಿಂದಿರುಗಿದೆ.

ಟ್ರಾಯ್‌ನ 2024ರ ಸೇವಾಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕಾಶೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ನಕಾಶೆಯಲ್ಲಿ ಬಣ್ಣ ಧಾರಾಳವಾಗಿಯೇ ಇರುತ್ತದೆ. ಅದನ್ನು ಮೊಮ್ಮಗನ ಫೋನಿನಲ್ಲಿ ಹಿಗ್ಗಿಸಿ ನೋಡಿದ ಕಾಕಾ "ಬಣ್ಣ ಬಯಲಿಂದು, ಮಾತು ಒಳಮನಿದು" ಎಂದು ತೀರ್ಪು ಕೊಡುತ್ತಾರೆ, ಮತ್ತು ಇಂಥ ನಕಾಶೆಗಳು ಸಾಮಾನ್ಯವಾಗಿ ಹೊರಾಂಗಣದ ಲೆಕ್ಕಾಚಾರಗಳೇ ಆಗಿರುವುದರಿಂದ ಇದಕ್ಕಿಂತ ಚಿಕ್ಕದಾದ ವಿಮರ್ಶೆ ಸಾಧ್ಯವಿಲ್ಲ. ಆದರೆ ಊರಿಗೊಂದು ಟಾವರ್ ಬೇಕೆಂಬ ಅರ್ಜಿಗೆ ಮೊದಲ ಸಹಿ ಹಾಕುವ ಕಾಕಾರೇ, ಅದು ತಮ್ಮ ಹಿತ್ತಲ ಪಕ್ಕಕ್ಕೆ ಬರುವುದೆಂದು ತಿಳಿದೊಡನೆ ವಿಕಿರಣದ ಭಯದಿಂದ ಅದರ ವಿರುದ್ಧದ ಅರ್ಜಿಗೂ ಮೊದಲ ಸಹಿ ಹಾಕುತ್ತಾರೆ. ಭಾರತದ ವಿಕಿರಣ ಮಿತಿ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲು ಮಾತ್ರವೆಂದು ಹೇಳಿದರೆ, ಆ ಹತ್ತನೆಯ ಪಾಲು ನೆರೆಯವರ ಹಿತ್ತಲಿಗೆ ಬರಲೆಂಬುದು ಅವರ ಉದಾರ ನಿಲುವು.

ಇಷ್ಟೆಲ್ಲ ಶೋಧಿಸಿ ಪಡೆದ ಸಿಗ್ನಲಿನಲ್ಲಿ ಕಾಕಾ ಏನು ಮಾತನಾಡುತ್ತಾರೆ ಎಂಬುದನ್ನೂ ದಾಖಲಿಸಬೇಕು. ಸಂಜೆ ಮಾಳಿಗೆ ಹತ್ತಿ, ನೀರಿನ ಟಾಕಿಯ ಪಕ್ಕದಲ್ಲಿ ಎಡಗಾಲನ್ನು ಕುಂಬಿಯ ಮೇಲಿಟ್ಟು, ಪುಣೆಯಲ್ಲಿರುವ ಮಗನಿಗೆ ಅವರು ಫೋನು ಹಚ್ಚುತ್ತಾರೆ. "ಹಲೋ, ಕೇಳಸ್ತದೇನು? ಈಗ? ತಡಿ, ಎಡಕ್ಕ ಸರೀತೀನಿ. ಈಗ ಹ್ಯಾಂಗದ? ಮೊದಲಿಂದು ಛಲೋ ಇತ್ತೋ, ಇದು ಛಲೋ ಅದನೋ? ಹಾಂ, ಇಡ್ತೀನಿ." ಕೆಳಗಿಳಿದು ಬಂದಾಗ, ಮಗ ಏನಂದ ಎಂದು ಹೆಂಡತಿ ಕೇಳುತ್ತಾರೆ. "ಆವಾಜ್ ಭಾಳ ಸಾಫ್ ಇತ್ತು" ಎಂದು ಕಾಕಾ ಊಟಕ್ಕೆ ಕೂರುತ್ತಾರೆ.