ಕೃಪೆಗೆ ಬೆಲೆ ಕಟ್ಟಬೇಡಿ

ಹೊಸಪೇಟೆ, ಸಂಡೂರು, ಕಂಪ್ಲಿಯ ಸಭೆಗಳ ಪ್ರಿಯ ಸಹೋದರ ಸಹೋದರಿಯರೇ,



ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲದಲ್ಲೇ, 1517ರಲ್ಲಿ, ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ತಮ್ಮ 95 ವಾದಗಳನ್ನು ಜನರ ಮುಂದಿಟ್ಟರು. ರೋಮಿನಲ್ಲಿ ಸಂತ ಪೇತ್ರನ ದೇವಾಲಯ ಕಟ್ಟಲು ಹಣ ಬೇಕಾಗಿತ್ತು. ಅದಕ್ಕಾಗಿ, ಪಾಪದ ದಂಡನೆ ಕಳೆಯುತ್ತದೆಂದು ಹೇಳಿ ಚರ್ಚಿನವರು ಕ್ಷಮಾಪತ್ರ ಮಾರುತ್ತಿದ್ದರು. ತೀರಿಹೋದ ತಂದೆತಾಯಿಯ ಹೆಸರಿನಲ್ಲೂ ಜನ ಕೊಂಡರು. ಲೂಥರ್ ಎದ್ದು ನಿಂತದ್ದು ಇದರ ವಿರುದ್ಧ.

ಇಂದು ನಮ್ಮ ಕೆಲವು ಕೂಟಗಳಲ್ಲಿ ನಡೆಯುತ್ತಿರುವುದೇನು? ಬೀಜದ ಕಾಣಿಕೆ ಬಿತ್ತಿದರೆ ನೂರರಷ್ಟು ಕೊಯ್ಯುತ್ತೀರಿ ಎನ್ನುತ್ತಾರೆ. ಅಭಿಷೇಕದ ಎಣ್ಣೆಗೆ ಒಂದು ಬೆಲೆ, ವಿಶೇಷ ಪ್ರಾರ್ಥನೆಗೆ ಇನ್ನೊಂದು. ಗಣಿ ಲಾರಿ ಓಡಿಸುವವನ, ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಾಕುವವಳ ದುಡಿಮೆಯ ಹಣ ಅದು. ಕಾಯಿಲೆ ವಾಸಿಯಾಗದಿದ್ದರೆ ‘ನಿನ್ನ ನಂಬಿಕೆ ಸಾಲದು ತಾಯಿ’ ಎಂಬ ಮಾತು. ಹಣವೂ ಹೋಯಿತು, ತಪ್ಪೂ ಅವಳ ತಲೆಗೇ ಬಂತು. ಇದನ್ನು ನೋಡಿ ಸುಮ್ಮನಿರಲು ನನ್ನಿಂದಾಗುತ್ತಿಲ್ಲ.

ರಕ್ಷಣೆ ದೇವರ ಕೃಪೆಯಿಂದ, ನಂಬಿಕೆಯ ಮೂಲಕ, ಉಚಿತವಾಗಿ ಬರುತ್ತದೆ ಎಂದು ಲೂಥರರಂಥ ಸುಧಾರಕರು ಸಾರಿದರು. ನಂಬಿದವರೆಲ್ಲರೂ ಯಾಜಕರೇ ಎಂದು ಲೂಥರ್ 1520ರಲ್ಲಿ ಬರೆದರು. ಹಾಗಾದರೆ ವೇದವಾಕ್ಯ ಪ್ರತಿಯೊಬ್ಬರ ಕೈಗೂ ಸಿಗಬೇಕಲ್ಲವೇ? 1522ರಲ್ಲಿ ಅವರ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ಅನುವಾದಿಸಿದ ವಿಲಿಯಂ ಟಿಂಡೇಲ್ 1536ರಲ್ಲಿ ಪ್ರಾಣವನ್ನೇ ತೆತ್ತರು. ಅದೇ ವಿಶ್ವಾಸದ ಹಾದಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಪಕ್ಕದ ಬಳ್ಳಾರಿಗೆ ಬಂದರು. ಅನುವಾದದ ಕೆಲಸಕ್ಕೆ ವಿಲಿಯಂ ರೀವ್ ಜೊತೆಗೂಡಿದರು. ಇಡೀ ಸತ್ಯವೇದ ಕನ್ನಡದಲ್ಲಿ ಸಿಕ್ಕಿದ್ದು 1831ರಲ್ಲಿ. ಎರಡು ದಶಕಗಳ ಶ್ರಮ! ಅದನ್ನು ತಲೆದಿಂಬಿನಡಿ ಇಟ್ಟು ಮಲಗಿದರೆ ಸಾಲದು, ಓದಬೇಕು.

ಲೂಥರರನ್ನು ಪೂಜಿಸಿರೆಂದು ನಾನು ಹೇಳುವುದಿಲ್ಲ. 1525ರಲ್ಲಿ ದಂಗೆಯೆದ್ದ ರೈತರ ವಿರುದ್ಧ, 1543ರಲ್ಲಿ ಯೆಹೂದ್ಯರ ವಿರುದ್ಧ ಅವರು ಬರೆದದ್ದು ಕ್ರೂರ. ಅವರನ್ನೂ ವೇದವಾಕ್ಯದಿಂದಲೇ ತೂಗಬೇಕು. ಆದರೆ ಹೆಣ್ಣುಮಕ್ಕಳಿಗೂ ಶಾಲೆ ಬೇಕೆಂದು ಆ ಕಾಲದಲ್ಲೇ ಕೇಳಿದವರೂ ಅವರೇ. ಓದು ಬಾರದ ಎಷ್ಟೋ ಅಜ್ಜಿಯಂದಿರು ನಮ್ಮ ಸಭೆಗಳಲ್ಲಿದ್ದಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ಯುವಜನರು ಅವರಿಗೆ ಅಕ್ಷರ ಕಲಿಸಲಿ.

ಪಾಸ್ಟರುಗಳೇ, ಕಾಣಿಕೆಯ ಲೆಕ್ಕವನ್ನು ಸಭೆಯ ಮುಂದೆ ಓದಿ ಹೇಳಿ. ಅಮ್ಮಂದಿರೇ, ಅಣ್ಣಂದಿರೇ, ಆಶೀರ್ವಾದಕ್ಕೆ ಯಾರಾದರೂ ಬೆಲೆ ಹೇಳಿದರೆ, ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯ ತೆರೆದು, ಇದು ಎಲ್ಲಿ ಬರೆದಿದೆ ಎಂದು ಕೇಳಿ.

ನಿಮ್ಮ ಸಭೆಯವನೇ ಆದ ಒಬ್ಬ ಸಹೋದರ